ಆರು ಅಂಕಿಯ ರುಜು

ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ‘ಸಾರ್, ಕೌಂಟರಿನಲ್ಲಿ ಎದುರಾಗುವ ದೊಡ್ಡ ಅಪಾಯ ಯಾವುದು?’ ಎಂದು ಕೇಳುತ್ತಾರೆ. ನಾನು ಮೋಸದ ಫೋನ್ ಕರೆಗಳ ಬಗ್ಗೆ ಹೇಳುತ್ತೇನೆ ಎಂದು ಕಾಯುತ್ತಾರೆ. ಅಂಥ ಒಂದು ಕರೆಯ ಬಗ್ಗೆ ಹೇಳಲಿಕ್ಕಿದೆ, ನಿಜ. ಆದರೆ ಆ ಕರೆಗೆ ಬಾಗಿಲು ತೆಗೆದುಕೊಟ್ಟವನು ನಾನೇ, ನನ್ನ ಹೊಟ್ಟೆಕಿಚ್ಚಿನಿಂದ. ಅದನ್ನು ಇಲ್ಲಿಯವರೆಗೆ ಮೂರು ಜನಕ್ಕೆ ಮಾತ್ರ ತಿಳಿಸಿದ್ದೆ. ಈಗ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಪುಟ್ಟಸ್ವಾಮಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಶಾಖೆಗಳಲ್ಲೇ ನನ್ನ ನೌಕರಿ ಮುಗಿಯಿತು. ಬಡ್ತಿಯ ಸಮಾಚಾರ ಬೇಡ. ಅದು ಕಾಲಕಾಲಕ್ಕೆ ಬಂತು, ಕುರ್ಚಿ ಬದಲಾಯಿತು, ಅಷ್ಟೇ. ನನ್ನ ನಿಜವಾದ ಹೆಮ್ಮೆ ಇದ್ದದ್ದು ರುಜು ನೋಡುವುದರಲ್ಲಿ. ಚೆಕ್ಕಿನ ಮೇಲಿನ ರುಜುವನ್ನು ಖಾತೆ ತೆರೆದಾಗ ತೆಗೆದುಕೊಂಡ ಮಾದರಿ ರುಜುವಿನ ಜೊತೆ ಹೋಲಿಸಿ ಇದು ಅವರದೇ ಎಂದು ಹೇಳುವ ಕೆಲಸ ಅದು. ನಾನು ಆ ಮಾದರಿಯ ಕಾರ್ಡನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲ. ಹೊಗೆಸೊಪ್ಪಿನ ಬೆಳೆಗಾರರು, ಮೇಷ್ಟ್ರುಗಳು, ಅಂಗಡಿಯವರು, ಎಲ್ಲರ ಕೈಯೂ ನನ್ನ ಕಣ್ಣಿನಲ್ಲಿತ್ತು. ಕೆ.ಆರ್. ನಗರದಲ್ಲಿದ್ದಾಗ ಒಬ್ಬ ಮಗ ಅಪ್ಪನ ರುಜು ಹಾಕಿಕೊಂಡು ಬಂದಿದ್ದ. ಅಪ್ಪ ‘ಳ’ ಅಕ್ಷರದ ಬಾಲವನ್ನು ಒಳಕ್ಕೆ ಎಳೆಯುತ್ತಿದ್ದರು, ಮಗ ಹೊರಕ್ಕೆ ಎಳೆದಿದ್ದ. ಚೆಕ್ಕು ವಾಪಸ್ ಕೊಟ್ಟು, “ನಿಮ್ಮಪ್ಪನ್ನ ಕರ್ಕೊಂಡು ಬಾಪ್ಪ” ಎಂದೆ. ಅವನು ಮತ್ತೆ ಬರಲಿಲ್ಲ. ಆಗಿನ ಮ್ಯಾನೇಜರು ಎಲ್ಲರೆದುರು, “ಪುಟ್ಟಸ್ವಾಮಿ ಹೂಂ ಅಂದ್ರೆ ಪಾಸು, ಊಹೂಂ ಅಂದ್ರೆ ಇಲ್ಲ” ಎಂದರು. ಆ ಒಂದು ಮಾತಿನ ಮೇಲೆ ನಾನು ಎಷ್ಟೋ ವರ್ಷ ಬದುಕಿದೆ.

ತಪ್ಪೂ ಮಾಡಿದ್ದೇನೆ. ಲಕ್ವ ಹೊಡೆದು ಕೈ ನಡುಗುತ್ತಿದ್ದ ಒಬ್ಬ ಹಿರಿಯರಿಂದ ನಾಲ್ಕು ಸಲ ರುಜು ಹಾಕಿಸಿ, ನಾಲ್ಕನ್ನೂ ತಿರಸ್ಕರಿಸಿದ್ದೆ. ಎದುರಿಗೆ ಕೂತಿದ್ದ ಮನುಷ್ಯನ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಗದವನ್ನೇ ನೋಡಿದೆ. ಆಮೇಲೆ ಅವರ ಹೆಬ್ಬೆಟ್ಟು ಒತ್ತಿಸಿ ಹಣ ಕೊಟ್ಟೆವು. ಓದು ಬಲ್ಲ ಆ ಮನುಷ್ಯ ಮಸಿ ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಹೋದದ್ದು ಈಗಲೂ ಕಣ್ಣಮುಂದೆ ಬರುತ್ತದೆ.

ಆಮೇಲೆ ಕ್ರೆಡಿಟ್ ಕಾರ್ಡು ಬಂತು, ಅದರ ಹಿಂದೆಯೇ ಫೋನಿನಲ್ಲಿ ಸಾಮಾನು ಕೊಳ್ಳುವುದು ಬಂತು. ಕಾರ್ಡಿನ ಮೇಲಿನ ನಂಬರು, ಹಿಂಬದಿಯ ಮೂರು ಅಂಕಿ ಗೊತ್ತಿದ್ದರೆ ಯಾರು ಬೇಕಾದರೂ ಕೊಳ್ಳಬಹುದಿತ್ತು. ಅದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಿದರು. ಮೊದಮೊದಲು ಗ್ರಾಹಕರೇ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಬೇಕಿತ್ತು. ನನ್ನ ಹತ್ತಿರ ಬಂದವರಿಗೆಲ್ಲ ನಾನೇ ಇಟ್ಟುಕೊಟ್ಟೆ. ಅವರಿಗೆ ಮರೆತುಹೋಗಬಾರದಲ್ಲ, ಹನಗೋಡಿನವರಿಗೆಲ್ಲ ಹನಗೋಡು ಒಂದು ಎರಡು ಮೂರು, ಪಿರಿಯಾಪಟ್ಟಣದವರಿಗೆಲ್ಲ ಪಿರಿಯಾಪಟ್ಟಣ ಒಂದು ಎರಡು ಮೂರು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಅದನ್ನು ಕಂಡುಹಿಡಿದವಳು ನಾಗರತ್ನ. ಕೆ.ಆರ್. ನಗರದ ಕಡೆಯ ರೈತರ ಮನೆಯ ಹುಡುಗಿ, ಆಗಷ್ಟೇ ಹುಣಸೂರಿನ ನಮ್ಮ ಶಾಖೆಗೆ ಸೇರಿದ್ದಳು. ನನ್ನನ್ನು ‘ಅಣ್ಣಾ’ ಎನ್ನುತ್ತಿದ್ದಳು. ಆ ಪಾಸ್‌ವರ್ಡ್ ವಿಷಯವನ್ನು ಅವಳು ಮ್ಯಾನೇಜರಿಗೆ ಹೇಳಲಿಲ್ಲ. ಒಬ್ಬೊಬ್ಬರನ್ನೇ ಫೋನ್ ಮಾಡಿ ಕರೆಸಿ, ಅವರ ಕೈಯಲ್ಲೇ ಬೇರೆ ಪಾಸ್‌ವರ್ಡ್ ಹಾಕಿಸಿದಳು. ಎಲ್ಲ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ, “ಅಣ್ಣಾ, ಅದೆಲ್ಲ ಸರಿ ಮಾಡಿದೀನಿ, ಇನ್ನು ಯೋಚ್ನೆ ಇಲ್ಲ” ಎಂದಳು. ಅವಳು ದೂರು ಕೊಟ್ಟಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ನನ್ನ ಮಾನ ಉಳಿಸಿದಳು. ಅದನ್ನು ಮಾತ್ರ ನನ್ನಿಂದ ಕ್ಷಮಿಸಲು ಆಗಲಿಲ್ಲ.

ಆಮೇಲೆ ಪಾಸ್‌ವರ್ಡ್ ಹೋಗಿ ಓಟಿಪಿ ಬಂತು. ಏನಾದರೂ ಕೊಂಡಾಗ ಗ್ರಾಹಕರ ಮೊಬೈಲಿಗೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅದನ್ನು ಒತ್ತಿದರೆ ಮಾತ್ರ ಹಣ ಹೋಗುತ್ತದೆ. ಇದನ್ನು ಜನಕ್ಕೆ ತಿಳಿಸುವ ಕೆಲಸ ನನ್ನ ತಲೆಗೆ ಬಂತು. ಶಾಖೆಯಲ್ಲಿ ಗ್ರಾಹಕರ ಸಭೆ ಕರೆದು, ಸುತ್ತೋಲೆಯಲ್ಲಿದ್ದ ಇಂಗ್ಲಿಷನ್ನು ಕನ್ನಡ ಮಾಡಿ, ‘ಹೆಚ್ಚುವರಿ ದೃಢೀಕರಣ’ ಎಂದೆಲ್ಲ ಹೇಳಿದೆ. ಎದುರಿಗೆ ಕೂತವರು ತಲೆಯಾಡಿಸಿ ಆಕಳಿಸಿದರು. ಆಗ ನಾಗರತ್ನ ಎದ್ದು ನಿಂತಳು. “ಅಣ್ಣ, ಖಾಲಿ ಪೇಪರ್ ಮೇಲೆ ರುಜು ಹಾಕಿ ಯಾರಿಗಾದ್ರೂ ಕೊಡ್ತೀರಾ?” ಎಂದು ಮುಂದಿನ ಸಾಲಿನ ಒಬ್ಬರನ್ನು ಕೇಳಿದಳು.

“ಅಯ್ಯೋ, ಕೊಟ್ಟಾರಾ? ಮನೆಮಠ ಹೋಯ್ತದೆ ಕಣವ್ವಾ!”

“ಈ ಆರು ನಂಬರೂ ನಿಮ್ಮ ರುಜುನೇ. ಬ್ಯಾಂಕಿಂದ ಅಂತ ಫೋನ್ ಬಂದ್ರೂ ಹೇಳ್ಬ್ಯಾಡಿ. ನಾನೇ ಕೇಳಿದ್ರೂ ಹೇಳ್ಬ್ಯಾಡಿ.”

ಎಲ್ಲರಿಗೂ ಒಂದೇ ಏಟಿಗೆ ಅರ್ಥವಾಯಿತು. ಮುಂದಿನ ವಾರದಿಂದ ಬಂದವರೆಲ್ಲ ‘ಆರು ಅಂಕಿ ರುಜು’ ಎಂದೇ ಹೇಳತೊಡಗಿದರು. ರುಜು ನನ್ನದು. ನನ್ನ ಜೀವಮಾನದ ವಿದ್ಯೆ. ಅದರಿಂದ ಒಂದು ಮಾತು ಹೊಳೆಯಬೇಕಿದ್ದರೆ ನನಗೆ ಹೊಳೆಯಬೇಕಿತ್ತು. ಆ ದಿನ ಮನೆಗೆ ಹೋಗಿ ಸರಿಯಾಗಿ ಊಟ ಮಾಡಲಿಲ್ಲ.

ಹಂಪಾಪುರದ ಕಡೆಯಿಂದ ಒಬ್ಬ ಶುಂಠಿ ಬೆಳೆಗಾರರು ಬರುತ್ತಿದ್ದರು. ಅವರ ತೋಟದಲ್ಲಿ ಸಿಗ್ನಲ್ ಇರಲಿಲ್ಲ. ಮೋಟಾರು ಕೊಳ್ಳಲು ಕಾರ್ಡಿನ ನಂಬರು ಒತ್ತಿ, ಓಟಿಪಿಗಾಗಿ ಕೆರೆ ಏರಿಯ ಮೇಲಕ್ಕೆ ಓಡುವಷ್ಟರಲ್ಲಿ ಸಮಯ ಮೀರಿಹೋಗುತ್ತಿತ್ತು. ನಾನು ಮೇಲಿನ ಕಚೇರಿಗೆ, ಗ್ರಾಮೀಣ ಗ್ರಾಹಕರಿಗೆ ಸಮಯ ಹೆಚ್ಚಿಸಬೇಕೆಂದು ಎರಡು ಪುಟದ ಪತ್ರ ಬರೆದೆ. ಉತ್ತರ ಬರಲು ತಿಂಗಳುಗಳೇ ಹಿಡಿದವು, ಬಂದ ಉತ್ತರವೂ ಆಗುವುದಿಲ್ಲ ಎಂದು. ಅಷ್ಟರಲ್ಲಿ ಮೋಟಾರು ಅವರ ಬಾವಿಯಲ್ಲಿ ನೀರೆತ್ತುತ್ತಿತ್ತು. “ಮೇಡಮ್ಮೋರು ಯೋಳುದ್ರು, ಏರಿ ಮ್ಯಾಲೆ ಓಗಿ ನಿಂತ್ಕಂಡೇ ಎಲ್ಲಾನೂ ಸುರು ಮಾಡಿ ಅಂತ. ಅಷ್ಟೇಯಾ” ಎಂದು ನಗುತ್ತಾ ಹೇಳಿದರು. ನಾನು ನಗಲಿಲ್ಲ.

ಪಿರಿಯಾಪಟ್ಟಣದ ಕಡೆಯ ಮಹದೇವ, ಮಂಗಳ ಎಂಬ ಗಂಡ ಹೆಂಡತಿಯ ವಿಷಯವನ್ನೂ ಹೇಳಬೇಕು. ಮಂಗಳ ರವಿಕೆಗಳಿಗೆ ಮಣಿ, ಜರಿ ಕೂರಿಸುವ ಕಸೂತಿ ಕೆಲಸದಲ್ಲಿ ಒಳ್ಳೆಯ ಹೆಸರು ಮಾಡಿದ್ದಳು. ಬೈಲಕುಪ್ಪೆಯ ಟಿಬೆಟನ್ ಹೆಂಗಸರೂ ಅವಳ ಹತ್ತಿರ ಹೊಲಿಸುತ್ತಿದ್ದರು. ಮಣಿ, ನೂಲು ಎಲ್ಲ ಫೋನಿನಲ್ಲೇ ತರಿಸಬೇಕಿತ್ತು. ಮಹದೇವ ತನ್ನ ಕಾರ್ಡಿನ ಜೊತೆಗೆ ಅವಳ ಹೆಸರಿನಲ್ಲೂ ಒಂದು ಕಾರ್ಡು ಮಾಡಿಸಿದ. ಆದರೆ ಓಟಿಪಿ ತನ್ನ ಫೋನಿಗೇ ಬರಬೇಕು ಎಂದ. “ಅವ್ಳು ಏನ್ ತಕ್ಕತಾಳೆ, ಯಾರ್ ತಾವ ತಕ್ಕತಾಳೆ, ನಂಗೆ ಗೊತ್ತಾಗ್ಬೇಕು ಕಣ್ರೀ” ಎಂದ. ನನಗೆ ಅದು ತಪ್ಪೆನಿಸಲಿಲ್ಲ. ಹಾಗೇ ಮಾಡಿಕೊಟ್ಟೆ.

ಕೆಲವು ತಿಂಗಳ ನಂತರ ಮಂಗಳ ಒಬ್ಬಳೇ ಬಂದು ನಾಗರತ್ನಳ ಎದುರು ಕೂತು ಅತ್ತಳು. ಒಂದು ಪೊಟ್ಟಣ ಮಣಿ ತರಿಸಬೇಕಾದರೂ ಗಂಡನಿಗೆ ಫೋನ್ ಮಾಡಬೇಕು. ಅವನು ಯಾರಿಗೆ ಹೊಲಿಯುತ್ತೀಯ, ಅವರ ಮನೆಗೆ ಹೋಗಿದ್ದೆಯಾ, ಅಲ್ಲಿ ಯಾರಿದ್ದರು ಎಂದೆಲ್ಲ ಕೇಳುತ್ತಾನೆ. ಉತ್ತರ ಹಿಡಿಸಿದರೆ ಸಂಖ್ಯೆ ಹೇಳುತ್ತಾನೆ, ಇಲ್ಲದಿದ್ದರೆ ಫೋನ್ ಇಡುತ್ತಾನೆ. ನಾಗರತ್ನ ಅವಳ ಸ್ವಂತ ದುಡಿಮೆಯ ಹಣವನ್ನು ಅವಳ ಹೆಸರಿನಲ್ಲೇ ಠೇವಣಿ ಇಡಿಸಿ, ಆ ಠೇವಣಿಯ ಆಧಾರದ ಮೇಲೆ ಬೇರೆಯೇ ಕಾರ್ಡು ಮಾಡಿಸಿಕೊಟ್ಟಳು. ಓಟಿಪಿ ಮಂಗಳಳ ಫೋನಿಗೇ.

ಮಹದೇವ ಕೆರಳಿ ಬಂದ. “ಯಾರ್ ಕೇಳ್ಕಂಡು ಮಾಡುದ್ರಿ? ನಾನ್ ಸತ್ತೋಗಿದ್ದೀನಾ?” ಎಂದು ಕೂಗಾಡಿದ.

ನಾಗರತ್ನ ಕೂತಲ್ಲಿಂದಲೇ, “ದುಡ್ಡು ಅವರದು, ಫೋನು ಅವರದು. ಅವರನ್ನೇ ಕೇಳ್ಕೊಂಡು ಮಾಡಿದೀನಣ್ಣ” ಎಂದಳು.

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿದ್ದ ಉರಿ ನನಗೆ ಗುರುತು ಸಿಕ್ಕಿತು, ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದೆನಲ್ಲ. ತನ್ನ ಕೈಯಲ್ಲಿದ್ದದ್ದು ಇನ್ನೊಬ್ಬರ ಕೈಗೆ ಹೋಯಿತು ಎನ್ನುವವನ ಮುಖ. ನಾನು ಕಣ್ಣು ತಗ್ಗಿಸಿ ಲೆಡ್ಜರು ತಿರುವಿದೆ.

ಈಗ ಸುಶೀಲಮ್ಮನವರ ವಿಷಯ. ಹನಗೋಡಿನವರು, ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮುಖ್ಯೋಪಾಧ್ಯಾಯಿನಿಯಾದ ಮೇಲಿನ ಮೊದಲ ಸಂಬಳದ ಚೆಕ್ಕಿನಿಂದ ಹಿಡಿದು ನಿವೃತ್ತಿ ವೇತನದವರೆಗೆ ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಿಸಿದ್ದರು. ಹುಣಸೂರಿಗೆ ಬಂದರೆ ನೇರ ನನ್ನ ಮೇಜಿಗೆ ಬಂದು, “ಏನಪ್ಪಾ ಪುಟ್ಟಸ್ವಾಮಿ” ಎನ್ನುತ್ತಿದ್ದರು. ಕಾರ್ಡು ತೆಗೆದುಕೊಂಡ ಮೇಲೆ ನಿಧಾನವಾಗಿ ಅವರೂ ನಾಗರತ್ನಳ ಮೇಜಿನ ಕಡೆ ವಾಲಿದರು. ನನಗೆ ದೂರದಿಂದಲೇ ಕೈ ಎತ್ತಿ ಮುಂದೆ ಹೋಗುತ್ತಿದ್ದರು. ಬೇರೆ ಯಾರು ಹೋದರೂ ಸಹಿಸಿಕೊಳ್ಳುತ್ತಿದ್ದೆನೇನೋ, ಅವರು ಹೋದದ್ದು ಒಳಗೇ ಕೊರೆಯಿತು.

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಮೇಜಿನ ಮೇಲಿದ್ದ ಶಾಖೆಯ ಫೋನು ಹೊಡೆದುಕೊಂಡಿತು.

“ಪುಟ್ಟಸ್ವಾಮಿ, ನಾನಪ್ಪ ಸುಶೀಲ. ನನ್ನ ಮೊಬೈಲಿಗೆ ಎರಡು ಸಲ ಆರು ಅಂಕಿ ಬಂದಿದೆ. ನಾನು ಏನೂ ಕೊಂಡಿಲ್ಲ. ನಾಗರತ್ನ ಇದ್ದಾಳಾ?”

“ಏನಮ್ಮ, ನಾನೇ ನೋಡ್ತೀನಿ ಹೇಳಿ.”

“ನಿನಗ್ಯಾಕಪ್ಪ ತೊಂದರೆ? ಇದು ನಿನಗೆ ಗೊತ್ತಾಗಲ್ಲ. ಅವಳಿಗೇ ಕೊಡು.”

ಗೊತ್ತಾಗುವುದಿಲ್ಲವೇ? ಕೇಳದೆ ಓಟಿಪಿ ಬಂದರೆ ಕಾರ್ಡಿನ ವಿವರ ಯಾರಿಗೋ ಸಿಕ್ಕಿದೆ ಎಂದು ಅರ್ಥ, ಆ ಕ್ಷಣವೇ ಕಾರ್ಡು ನಿಲ್ಲಿಸಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ಮೇಜಿನ ಆಚೆ ನಾಗರತ್ನ ಯಾರಿಗೋ ಅರ್ಜಿ ತುಂಬಿಸುತ್ತಿದ್ದಳು. ನಾನು ಅವಳನ್ನು ನೋಡುತ್ತಲೇ ಹೇಳಿದೆ: “ಅವರು ಹೊರಗೆ ಹೋಗಿದ್ದಾರಮ್ಮ. ಬಂದ ತಕ್ಷಣ ನಿಮಗೆ ಫೋನ್ ಮಾಡಿಸ್ತೀನಿ.”

ಫೋನು ಇಟ್ಟೆ. ಊಟದ ಹೊತ್ತಿಗೆ ಹೇಳಿದರಾಯಿತು, ಒಂದಷ್ಟು ಹೊತ್ತು ಕಾಯಲಿ ಎಂದುಕೊಂಡೆ. ಊಟದ ಹೊತ್ತಿಗೂ ಹೇಳಲಿಲ್ಲ.

ಮೂರು ಗಂಟೆಗೆ ಸುಶೀಲಮ್ಮ ಹನಗೋಡಿನಿಂದ ಬಸ್ಸು ಹತ್ತಿ ತಾವೇ ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ನೇರ ನಾಗರತ್ನಳ ಹತ್ತಿರ ಹೋಗಿ, “ತಗೋಮ್ಮ. ಬೆಳಿಗ್ಗೆ ನಾನು ಹೇಳಿದ ಕೂಡಲೇ ವಾಪಸ್ ಫೋನ್ ಮಾಡಿದ್ಯಲ್ಲ, ನನಗೆ ಜೀವ ಬಂದಂಗಾಯ್ತು” ಎಂದರು.

“ನಾನೆಲ್ಲಿ ಫೋನ್ ಮಾಡ್ದೆ ಅಮ್ಮಾ?”

“ಮಾಡ್ಲಿಲ್ವಾ? ‘ಬ್ಯಾಂಕಿಂದ ಮಾತಾಡೋದು, ನಿಮ್ಮ ಕಾರ್ಡಿಗೆ ಯಾರೋ ಕೈಹಾಕಿದ್ದಾರೆ, ನಿಲ್ಲಿಸ್ತೀವಿ’ ಅಂತ ಹೆಣ್ಣು ದನಿ. ‘ನಾಗರತ್ನನೇನಮ್ಮ?’ ಅಂದೆ. ‘ಹೌದಮ್ಮ’ ಅಂದ್ಲು. ದನಿ ಒಂಥರಾ ಇತ್ತು, ಫೋನಿನಲ್ಲಿ ಹಂಗೇ ಕೇಳ್ಸುತ್ತೆ ಅನ್ಕೊಂಡೆ.”

“ನಂಬರ್ ಕೇಳಿದ್ರಾ?”

ಸುಶೀಲಮ್ಮನವರ ಮುಖ ಬಿಳಿಚಿಕೊಂಡಿತು. “ಎರಡು ಸಲ” ಎಂದರು.

ಮೋಸಗಾರರಿಗೆ ಶಾಖೆಯೊಳಗಿನ ವಿಷಯ ಏನೂ ಗೊತ್ತಿರಲಿಲ್ಲ. ಆ ಸಂಖ್ಯೆಗಾಗಿ ಅವರು ಹೇಗೂ ಫೋನು ಮಾಡುವವರೇ. ಬೇರೆ ದಿನವಾಗಿದ್ದರೆ ಸುಶೀಲಮ್ಮ ಬೈದು ಇಟ್ಟುಬಿಡುತ್ತಿದ್ದರು, ಅಕ್ಕಪಕ್ಕದ ಮನೆಯವರಿಗೆಲ್ಲ ಬುದ್ಧಿ ಹೇಳುತ್ತಿದ್ದವರು ಅವರು. ಆದರೆ ಆ ದಿನ ಅವರು ಬ್ಯಾಂಕಿನ ಕರೆಗಾಗಿಯೇ ಕಾಯುತ್ತಿದ್ದರು. ಕಾಯಿರಿ ಎಂದವನು ನಾನು.

ನಾಗರತ್ನ ಒಂದು ಕ್ಷಣವನ್ನೂ ವ್ಯರ್ಥ ಮಾಡಲಿಲ್ಲ. ಕಾರ್ಡು ನಿಲ್ಲಿಸಿದಳು, ದೂರು ದಾಖಲಿಸಿದಳು, ಯಾವ ಅಂಗಡಿಗೆ ಹಣ ಹೋಗಿದೆ ಎಂದು ಹುಡುಕಿ ಆ ಅಂಗಡಿಯವರಿಗೇ ಫೋನು ಮಾಡಿದಳು. ಒಂದು ಖರೀದಿಯ ಸಾಮಾನು ಇನ್ನೂ ಹೊರಟಿರಲಿಲ್ಲ, ಅದು ರದ್ದಾಯಿತು. ಇನ್ನೊಂದು ಕೈತಪ್ಪಿತ್ತು. ಸಂಖ್ಯೆಯನ್ನು ಗ್ರಾಹಕರೇ ಹೇಳಿದ್ದರಿಂದ ಆ ನಷ್ಟ ಅವರ ತಲೆಗೇ.

ಮ್ಯಾನೇಜರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಸುಶೀಲಮ್ಮ, “ನಾನು ಹನ್ನೊಂದಕ್ಕೇ ಫೋನ್ ಮಾಡಿದ್ದೆ. ಪುಟ್ಟಸ್ವಾಮಿ ಇವಳಿಗೆ ಹೇಳಿ ಮಾಡಿಸ್ತೀನಿ ಅಂದಿದ್ದ” ಎಂದರು. ಎಲ್ಲರೂ ನನ್ನನ್ನು ನೋಡಿದರು.

“ಹೇಳಿದ್ದೆ ಸಾರ್” ಎಂದೆ. “ಕೆಲಸದ ಗಲಾಟೇಲಿ ಅವಳಿಗೆ ಮರೆತಿರಬೇಕು.”

ಅಷ್ಟು ಸರಾಗವಾಗಿ ಸುಳ್ಳು ಬಂತು. ನನ್ನ ಹೂಂ, ನನ್ನ ಊಹೂಂ ನಡೆಯುತ್ತಿದ್ದ ಬ್ಯಾಂಕಲ್ಲವೇ, ಮ್ಯಾನೇಜರು ನಂಬಿದರು. ಸುಶೀಲಮ್ಮ ನಾಗರತ್ನಳ ಕಡೆ ತಿರುಗಿ, “ನಿನ್ನನ್ನ ನಂಬಿದ್ದಕ್ಕೆ ನನಗೆ ಸರಿಯಾಯ್ತು” ಎಂದು ಹೇಳಿ ಎದ್ದುಹೋದರು. ಅವರೆಕಾಯಿಯ ಚೀಲವನ್ನೂ ವಾಪಸ್ ತೆಗೆದುಕೊಂಡು ಹೋದರು. ಮಾರನೆಯ ದಿನ ನಾಗರತ್ನಳಿಗೆ ವಿವರಣೆ ಕೇಳಿ ಮೆಮೊ ಬಂತು.

ನಿಜ ಹೇಳಬೇಕೆಂದರೆ, ಮೊದಲ ದಿನ ನನಗೆ ಸಂಕಟಕ್ಕಿಂತ ಹೆಚ್ಚಾಗಿ ಹಿತವೇ ಆಯಿತು. ಜನ ಅವಳ ಮೇಜಿನ ಹತ್ತಿರ ಹೋಗಲು ಹಿಂದೆಮುಂದೆ ನೋಡುತ್ತಿದ್ದರು. ಇಬ್ಬರು ಮೂವರು ನನ್ನ ಹತ್ತಿರ ಬಂದರು. ಎಷ್ಟೋ ದಿನದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ನಾಲ್ಕನೆಯ ದಿನ ಸಂಜೆ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುತ್ತಿದ್ದೆ. ನಾಗರತ್ನ ಹಿಂದಿನಿಂದ ಬಂದು ಜೊತೆಯಾದಳು. ಈಗ ಕೇಳುತ್ತಾಳೆ, ಬೈಯುತ್ತಾಳೆ ಎಂದು ಮನಸ್ಸಿನಲ್ಲೇ ಉತ್ತರ ಸಿದ್ಧಮಾಡಿಕೊಂಡೆ.

“ಅಣ್ಣಾ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆವತ್ತು ನನಗೆ ಹೇಳ್ದಾಗ ನಾನು ಏನ್ ಮಾಡ್ತಿದ್ದೆ? ಹೂಂ ಅಂದ್ನಾ? ನನಗೆ ಒಂಚೂರೂ ನೆನಪಾಗ್ತಿಲ್ಲ.” ಅವಳ ಕಣ್ಣು ಕೆಂಪಾಗಿತ್ತು. “ನಿಮ್ಮಂಥೋರು ಸುಳ್ಳು ಹೇಳಲ್ಲ. ನನಗೇ ಏನೋ ಆಗಿದೆ. ಡಾಕ್ಟ್ರಿಗೆ ತೋರಿಸ್ಬೇಕು ಅನ್ಕೊಂಡಿದೀನಿ. ನನ್ನ ಮರೆವಿಂದ ಆ ಅಮ್ಮಂಗೆ ಹಿಂಗಾಯ್ತಲ್ಲಣ್ಣಾ.”

ಅವಳು ನನ್ನನ್ನು ಅನುಮಾನಿಸಿದ್ದರೆ ನಾನು ಕೊನೆಯವರೆಗೂ ಸುಳ್ಳನ್ನೇ ಹಿಡಿದುಕೊಂಡಿರುತ್ತಿದ್ದೆ. ಅವಳು ತನ್ನ ತಲೆಯನ್ನೇ ಅನುಮಾನಿಸುತ್ತಿದ್ದಳು.

“ನಾನು ನಿನಗೆ ಹೇಳಲೇ ಇಲ್ಲಮ್ಮ” ಎಂದೆ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. “ಅಂದ್ರೆ ನೀವೂ ಮರ್ತುಬಿಟ್ರಾ?”

“ಮರೆಯಲಿಲ್ಲ. ಬೇಕಂತಲೇ ಹೇಳಲಿಲ್ಲ. ನೀನು ಎದುರಿಗೇ ಇದ್ದೆ. ಅವರು ನನ್ನನ್ನ ಬಿಟ್ಟು ನಿನ್ನನ್ನ ಕೇಳಿದ್ರು. ಹೊಟ್ಟೆಕಿಚ್ಚಾಯ್ತು.”

“ನನ್ನ ಮೇಲಾ? ನಾನು ಕೆಲಸ ಕಲ್ತಿದ್ದೇ ನಿಮ್ಮನ್ನ ನೋಡಿ” ಎಂದಳು. ಆಮೇಲೆ, “ಆ ಅಮ್ಮಂಗೆ ನೀವೇ ಹೋಗಿ ಹೇಳ್ಬೇಕು. ನಾನು ಹೇಳಲ್ಲ” ಎಂದು ಕೆ.ಆರ್. ನಗರದ ಬಸ್ಸು ಹತ್ತಿದಳು. ಮಾರನೆಯ ದಿನದಿಂದ ಅವಳ ಬಾಯಲ್ಲಿ ನಾನು ‘ಅಣ್ಣ’ ಆಗಿರಲಿಲ್ಲ, ‘ಸಾರ್’ ಆಗಿದ್ದೆ.

ಆ ಬೆಳಿಗ್ಗೆಯೇ ಮ್ಯಾನೇಜರಿಗೆ ನಡೆದದ್ದನ್ನು ಬರೆದುಕೊಟ್ಟೆ. ಅವರು ಎರಡು ಸಲ ಓದಿದರು. “ಇಷ್ಟು ವರ್ಷದ ಸರ್ವಿಸಿನಲ್ಲಿ ಇದೇನ್ರೀ ಪುಟ್ಟಸ್ವಾಮಿ?” ಎಂದರು. ನಾಗರತ್ನಳ ಮೆಮೊ ರದ್ದಾಯಿತು, ನನಗೆ ಎಚ್ಚರಿಕೆಯ ಪತ್ರ ಬಂತು. ಅದು ನ್ಯಾಯವೇ. ಅರ್ಧ ದಿನ ರಜೆ ಹಾಕಿ ಹನಗೋಡಿಗೆ ಹೊರಟೆ.

ಸುಶೀಲಮ್ಮ ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಕೂರು ಎಂದರು. ನಾನು ನಿಂತೇ ಎಲ್ಲ ಹೇಳಿದೆ. ಕೈತಪ್ಪಿದ ಹಣವನ್ನು ನಾನೇ ಕಟ್ಟುತ್ತೇನೆ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು.

“ತಾನು ಕಾಪಿ ಹೊಡೆದು ಪಕ್ಕದೋರ ಮೇಲೆ ಹೇಳೋ ಹುಡುಗರನ್ನ ನಾನು ಬೇಕಾದಷ್ಟು ನೋಡಿದ್ದೀನಿ” ಎಂದರು. “ಅವರಿಗೆ ಹದಿಮೂರು ಹದಿನಾಲ್ಕು ವಯಸ್ಸಿರ್ತಿತ್ತು ಪುಟ್ಟಸ್ವಾಮಿ.”

ನಾನು ಜೇಬಿನಿಂದ ಚೆಕ್ಕುಪುಸ್ತಕ ತೆಗೆದೆ.

“ದುಡ್ಡು ಕಟ್ಟು, ಬೇಡ ಅನ್ನಲ್ಲ. ಆದ್ರೆ ನಾನು ಆ ಹುಡುಗಿಗೆ ಎಲ್ಲರ ಮುಂದೆ ಏನಂದೆ ನೆನಪಿದ್ಯಾ? ಅದನ್ನ ಯಾರು ಕಟ್ಟಿಕೊಡ್ತಾರೆ?” ಎದ್ದು ಒಳಗೆ ಹೋಗಿ ಸೆರಗು ಸರಿಮಾಡಿಕೊಂಡು ಬಂದು ಚಪ್ಪಲಿ ಮೆಟ್ಟಿಕೊಂಡರು. “ನಡಿ, ಬಸ್ಸಿದೆ.”

ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ಶಾಖೆಯೊಳಗೆ ಬಂದವರೇ ಸಾಲಿನಲ್ಲಿ ನಿಂತಿದ್ದವರನ್ನು ದಾಟಿ ನಾಗರತ್ನಳ ಮೇಜಿನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಮೇಷ್ಟ್ರ ದನಿಯಲ್ಲೇ ಹೇಳಿದರು: “ನಾಗರತ್ನ, ಆವತ್ತು ನಾನು ನಿನಗೆ ಅಂದದ್ದು ತಪ್ಪು. ನಿನ್ನದೇನೂ ತಪ್ಪಿರಲಿಲ್ಲ.”

ನಾಗರತ್ನ ಎದ್ದು ನಿಂತಳು. ಏನೋ ಹೇಳಲು ಹೋಗಿ ಅಳು ಬಂತು. ಆ ಹಿರಿಯ ಹೆಂಗಸು ಮೇಜಿನ ಮೇಲಿಂದ ಕೈ ಚಾಚಿ ಅವಳ ಎರಡೂ ಕೈ ಹಿಡಿದುಕೊಂಡರು. ಸಾಲಿನಲ್ಲಿದ್ದವರು, “ಬುಡಿ ಬುಡಿ ಮೇಡಮ್ಮಾ, ಅಳ್ಬ್ಯಾಡಿ” ಎಂದರು. ನನ್ನ ಕಡೆ ಯಾರೂ ನೋಡಲಿಲ್ಲ.

ಆಗಲೂ ನನಗೆ ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ. ತಪ್ಪೊಪ್ಪಿಕೊಂಡರೆ ಅದು ಹೋಗಿಬಿಡುತ್ತದೆ ಎಂದು ನೀವು ತಿಳಿದಿದ್ದರೆ, ಹೋಗುವುದಿಲ್ಲ. ಸುಶೀಲಮ್ಮ ನಿಂತೇ ಇದ್ದರು, ವಯಸ್ಸಾದ ಕಾಲು. ನಾನು ನನ್ನ ಮೇಜಿನ ಎದುರಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ನಾಗರತ್ನಳ ಮೇಜಿನ ಮುಂದೆ ಹಾಕಿದೆ.

“ಕೂತ್ಕೊಳ್ಳಿ ಅಮ್ಮ” ಎಂದೆ. “ನಿಮ್ಮ ಹೊಸ ಕಾರ್ಡಿನ ಕೆಲಸ ಅವರೇ ಮಾಡಿಕೊಡ್ತಾರೆ.”